ಮುಖ ಊದಿದಾಗ: ಆಂಜಿಯೋಎಡಿಮಾಕ್ಕೆ ಯಾವ ಮದ್ದು?

ತುಟಿ, ಕಣ್ಣರೆಪ್ಪೆ, ನಾಲಿಗೆ, ಕೆಲವೊಮ್ಮೆ ಗಂಟಲೂ ದಿಢೀರನೆ ಊದಿಕೊಳ್ಳುವುದಕ್ಕೆ ವೈದ್ಯರು ಆಂಜಿಯೋಎಡಿಮಾ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದನ್ನೂ ಪಿತ್ತದ ಗಂಧೆಯ ಲೆಕ್ಕಕ್ಕೇ ಸೇರಿಸಿ, ಕಂಬಳಿ ಹೊದಿಸಿ, ದೊಡ್ಡಪತ್ರೆ ರಸ ಹಚ್ಚಿ ಕಾಯುವುದುಂಟು. ಗಂಧೆ ಚರ್ಮದ ಮೇಲ್ಪದರದ್ದು. ಕಾದರೆ ತಾನಾಗಿ ಇಳಿದೀತು. ಈ ಊತ ಚರ್ಮದ ಆಳದ್ದು. ಗಂಟಲಿಗೆ ಬಂದರೆ ಕಾಯಲು ಹೊತ್ತಿರುವುದಿಲ್ಲ.

ಮೊದಲ ಅರ್ಧ ಗಂಟೆ

ದನಿ ಗೊಗ್ಗರಾದರೆ, ಎಂಜಲು ನುಂಗಲಾಗದಿದ್ದರೆ, ಉಸಿರೆಳೆದಾಗ ಶಿಳ್ಳೆಯಂಥ ಸದ್ದು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಉದಾಹರಣೆಗೆ, ತುಮಕೂರು ಜಿಲ್ಲೆಯ ಹುಲಿಯೂರುದುರ್ಗದಿಂದ ಕುಣಿಗಲ್ಲಿಗೆ ಸುಮಾರು 20 ಕಿ.ಮೀ.; ತುಮಕೂರಿನ ಜಿಲ್ಲಾಸ್ಪತ್ರೆ ಅಲ್ಲಿಂದಲೂ 35 ಕಿ.ಮೀ. ಆಚೆ. ದೊಡ್ಡಾಸ್ಪತ್ರೆಯೇ ಬೇಕೆಂದು ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ದಾಟಿ ಹೋಗುವುದು ಇಂಥ ಹೊತ್ತಿನಲ್ಲಿ ತರವಲ್ಲ.

ಹೆಜ್ಜೇನು ಕಚ್ಚಿಯೋ, ಕಡಲೆಕಾಯಿ ತಿಂದೋ, ನೋವಿನ ಮಾತ್ರೆ ನುಂಗಿಯೋ ಬಂದ ತೀವ್ರ ಅಲರ್ಜಿಯಲ್ಲಿ ಜೀವ ಉಳಿಸುವುದು ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಹಿಡಿತಕ್ಕೆ ಬಾರದಿದ್ದರೆ 5 ನಿಮಿಷ ಬಿಟ್ಟು ಮತ್ತೊಂದು. ಏನೂ ದುಬಾರಿ ಮದ್ದಲ್ಲ. ಏವಿಲ್, ಸ್ಟೀರಾಯ್ಡ್ ಇಂಜೆಕ್ಷನ್‌ಗಳು ಇದರ ಹಿಂದೆ ಬರತಕ್ಕವು. ಅವನ್ನೇ ಮೊದಲು ಚುಚ್ಚಿ ನೋಡೋಣ ಎಂದು ಕೂರುವುದು ಅಪಾಯ. ಉಸಿರಾಟ ಸರಿಯಿದ್ದು, ಬರೀ ತುಟಿ ಊದಿ ಗಂಧೆ ಎದ್ದಿದ್ದರೆ ಸೆಟಿರಿಜಿನ್‌ನಂಥ ಮಾತ್ರೆ ಸಾಕಾಗಬಹುದು.

ಬಿಪಿ ಮಾತ್ರೆಯ ಬಾಧೆ

ಗಂಧೆಯಿಲ್ಲ, ತುರಿಕೆಯಿಲ್ಲ, ನಾಲಿಗೆ ಮಾತ್ರ ಊದಿದೆ ಎಂದರೆ ಮನೆಯಲ್ಲಿರುವ ಮಾತ್ರೆಯ ಶೀಟುಗಳನ್ನೆಲ್ಲ ಆಸ್ಪತ್ರೆಗೆ ಒಯ್ಯಿರಿ. ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಮುಂತಾದವು ಬ್ರಾಡಿಕೈನಿನ್ ಎಂಬ ರಾಸಾಯನಿಕ ಮೈಯಲ್ಲಿ ಕರಗದಂತೆ ತಡೆಯುತ್ತವೆ. ಊತ ತರಿಸುವುದು ಅದೇ. ವರ್ಷಗಟ್ಟಲೆ ನುಂಗಿ ಏನೂ ಆಗದವರಿಗೂ ಒಂದು ದಿನ ಹೀಗಾಗಬಹುದು. ಅಲರ್ಜಿಯ ಮದ್ದು ಇಲ್ಲಿ ಅಷ್ಟಾಗಿ ನಾಟದು. ಆ ಮಾತ್ರೆಯನ್ನು ಕಾಯಂ ಬಿಡಿಸಿ, ಅಮ್ಲೋಡಿಪಿನ್‌ನಂಥ ಬೇರೆ ಬಗೆಯದನ್ನು ವೈದ್ಯರು ಬರೆದುಕೊಡುತ್ತಾರೆ. ಊತ ಇಳಿಯುವವರೆಗೆ ಆಸ್ಪತ್ರೆಯಲ್ಲೇ ಇರಬೇಕು. ಗಂಟಲು ಕಟ್ಟಿದರೆ ಟ್ಯೂಬ್ ಹಾಕಬೇಕಾದೀತು.

ವಂಶದಲ್ಲಿ ಹರಿದು ಬಂದದ್ದು

ಸುಮಾರು 50,000 ಜನರಲ್ಲಿ ಒಬ್ಬರಿಗೆ ಇದು ಹುಟ್ಟಿನಿಂದ ಬರುತ್ತದೆ. ಸಿ1 ಇನ್‌ಹಿಬಿಟರ್ ಎಂಬ ಪ್ರೋಟೀನಿನ ಕೊರತೆ ಸಾಮಾನ್ಯ ಕಾರಣ. ಕರುಳೂ ಊದುವುದರಿಂದ ಅಪೆಂಡಿಕ್ಸ್ ಎಂದು ತಪ್ಪಾಗಿ ಆಪರೇಷನ್ ಆದವರಿದ್ದಾರೆ. ಸಿ4 ರಕ್ತಪರೀಕ್ಷೆಯಲ್ಲಿ ಮೊದಲ ಸುಳಿವು ಸಿಗುತ್ತದೆ.

ಕೊರತೆಯಿರುವ ಪ್ರೋಟೀನನ್ನೇ ರಕ್ತನಾಳಕ್ಕೆ ಕೊಡುವುದು, ಇಲ್ಲವೇ ಹೊಟ್ಟೆಯ ಚರ್ಮದಡಿ 30 ಮಿ.ಗ್ರಾಂ. ಐಕಾಟಿಬ್ಯಾಂಟ್ ಚುಚ್ಚುವುದು ಸರಿಯಾದ ಚಿಕಿತ್ಸೆ. ಎರಡೂ ದುಬಾರಿ. ಹಾಗಾಗಿ ಭಾರತದಲ್ಲಿ ಬಹುಕಾಲ ಕೈಹಿಡಿದದ್ದು ಬ್ಲಡ್ ಬ್ಯಾಂಕಿನ ಫ್ರೆಶ್ ಫ್ರೋಜನ್ ಪ್ಲಾಸ್ಮಾ. ಮತ್ತೆ ಮತ್ತೆ ಬರದಂತೆ ತಡೆಯಲು ಟ್ರಾನೆಕ್ಸಾಮಿಕ್ ಆಸಿಡ್, ಡ್ಯಾನಜಾಲ್. ಡ್ಯಾನಜಾಲ್ ಅಗ್ಗ, ಆದರೆ ಹೆಂಗಸರಿಗೆ ಮುಖದಲ್ಲಿ ಕೂದಲು ಚಿಗುರಿಸುತ್ತದೆ, ಲಿವರ್ ಕೆಡಿಸಬಹುದು, ಬಸುರಿಯರಿಗೆ ಕೂಡದು. ಎರಡು ವಾರಕ್ಕೊಮ್ಮೆ ಚುಚ್ಚುವ ಲನಾಡೆಲುಮ್ಯಾಬ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಈ ಕಾಯಿಲೆಯವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಆಗಿಬರದು. ಹಲ್ಲು ಕೀಳಿಸಿಕೊಂಡ ಮೇಲೆ ಗಂಟಲು ಊದುವ ಸಂಭವವೂ ಉಂಟು. ದಂತವೈದ್ಯರಿಗೆ ಮುಂಚೆಯೇ ಹೇಳಿದರೆ, ತಡೆಮದ್ದು ಕೊಡಿಸಿಯೇ ಇಕ್ಕಳ ಹಿಡಿಯುತ್ತಾರೆ.