ಬಿಂದಿಯ ಅಂಟು ಮತ್ತು ಹಣೆಯ ಬಿಳಿ ಕಲೆ

ಬೆಂಗಳೂರು: ಶ್ರಾವಣ ಬಂತೆಂದರೆ ಬಸವನಗುಡಿಯ ಗಾಂಧಿ ಬಜಾರ್ ಹಾಗೂ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಅಂಗಡಿಗಳಲ್ಲಿ ಅರಿಶಿನ-ಕುಂಕುಮದ ಪೊಟ್ಟಣಗಳ ಜೊತೆಗೆ ಬಿಂದಿಯ ಹಾಳೆಗಳೂ ಭರದಿಂದ ಮಾರಾಟವಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಟಿಕಳಿ ಎಂದೂ ನಗರಗಳಲ್ಲಿ ಸ್ಟಿಕ್ಕರ್ ಎಂದೂ ಕರೆಯಲಾಗುವ ಈ ಬೊಟ್ಟನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಇಡುವ ಕೆಲವರ ಹಣೆಯಲ್ಲಿ ತುರಿಕೆ, ಕೆಂಪು ಹಾಗೂ ಬೊಟ್ಟಿನಷ್ಟೇ ಅಗಲದ ಬಿಳಿ ಕಲೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಮುಖ್ಯ ಕಾರಣ ಬೊಟ್ಟಿನ ಬಣ್ಣವಲ್ಲ, ಅದರ ಹಿಂಬದಿಯ ಅಂಟು.

ಏನಿದು ಪಿಟಿಬಿಪಿ?

ಅಂಟು ಗಟ್ಟಿಯಾಗಿ ಹಿಡಿಯಲೆಂದು ಬಳಸುವ ಕೆಲವು ರಾಳಗಳನ್ನು ಪ್ಯಾರಾ-ಟರ್ಷಿಯರಿ ಬ್ಯುಟೈಲ್‌ಫಿನಾಲ್ (ಪಿಟಿಬಿಪಿ) ಎಂಬ ರಾಸಾಯನಿಕದಿಂದ ತಯಾರಿಸಲಾಗುತ್ತದೆ. ಪಾದರಕ್ಷೆ ಮತ್ತು ಕೈಗಡಿಯಾರದ ಪಟ್ಟಿಯ ಅಂಟಿನಲ್ಲೂ ಇದು ಇರಬಹುದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಟೈರೋಸಿನ್ ಎಂಬ ವಸ್ತುವಿನಿಂದ. ಪಿಟಿಬಿಪಿಯ ರಚನೆ ಟೈರೋಸಿನ್ನನ್ನು ಹೋಲುವುದರಿಂದ ವರ್ಣಕೋಶಗಳು ಇದನ್ನೂ ಒಳಗೆಳೆದುಕೊಳ್ಳುತ್ತವೆ. ಆಗ ಹುಟ್ಟುವ ವಿಷವಸ್ತುಗಳಿಂದ ಕೋಶಗಳು ಸಾಯುತ್ತವೆ. ತುರಿಕೆಯೇ ಇಲ್ಲದೆಯೂ ಬಿಳಿ ಕಲೆ ಮೂಡುವುದು ಇದರ ಅಪಾಯ.

ಅಲಹಾಬಾದಿನ ಎ.ಕೆ. ಬಜಾಜ್ ಮತ್ತು ಸಂಗಡಿಗರು ಬಿಂದಿಯ ಅಂಟಿನಲ್ಲಿ ಪಿಟಿಬಿಪಿ ಇರುವುದನ್ನು 1990ರಲ್ಲಿ ಪ್ರಕಟಿಸಿದರು. ಇಂಥ ಹಾನಿ ಭಾರತಕ್ಕೆ ಸೀಮಿತವಲ್ಲ. 1939ರಲ್ಲೇ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯ ಕಾರ್ಮಿಕರಲ್ಲಿ ರಬ್ಬರ್ ಕೈಗವಸಿನಿಂದ ಬಿಳಿ ಕಲೆಗಳಾದುದು ವರದಿಯಾಗಿತ್ತು. ಜಪಾನಿನಲ್ಲಿ ರೋಡೋಡೆನಾಲ್ ಎಂಬ ಫಿನಾಲ್ ವಸ್ತುವಿದ್ದ ಸೌಂದರ್ಯವರ್ಧಕಗಳನ್ನು ಇದೇ ಕಾರಣಕ್ಕೆ 2013ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಕುಂಕುಮ ಸುರಕ್ಷಿತವೇ?

ಅರಿಶಿನಕ್ಕೆ ಸುಣ್ಣ ಅಥವಾ ಬಿಳಿಗಾರ ಬೆರೆತಾಗ ಕೆಂಪೇರುತ್ತದೆ; ಸಾಂಪ್ರದಾಯಿಕ ಕುಂಕುಮದ ಮೂಲ ಇದೇ. ಆದರೆ ಅಗ್ಗದ ಕುಂಕುಮದಲ್ಲಿ ಕೃತಕ ಬಣ್ಣಗಳಿರುವುದುಂಟು. ಇವು ಒಗ್ಗದವರ ಹಣೆ ಬೆಳ್ಳಗಾಗುವ ಬದಲು ಕಪ್ಪಾಗುವುದೇ ಹೆಚ್ಚು. ಪುದುಚೇರಿಯ ಜಿಪ್ಮರ್ ವೈದ್ಯರು ಕುಂಕುಮದಿಂದ ಚರ್ಮದ ಉರಿಯೂತಕ್ಕೆ ಒಳಗಾದ 46 ಮಂದಿಯ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತ ಸೇರಿಸುವುದನ್ನು ದೇಶದ ಸೌಂದರ್ಯವರ್ಧಕ ನಿಯಮಗಳು ನಿಷೇಧಿಸಿವೆ. ಕುಂಕುಮದ ಪುಡಿಗೆ ಐಎಸ್ 10999, ದ್ರವ ಬಿಂದಿಗೆ ಐಎಸ್ 10998 ಮಾನಕಗಳಿವೆ. ಬಿಂದಿಯ ಹಾಳೆಯ ಮೇಲಾದರೋ ಅಂಟಿನ ಘಟಕಗಳ ವಿವರ ಸಾಮಾನ್ಯವಾಗಿ ಇರುವುದಿಲ್ಲ.

ತೊನ್ನು ಎಂಬ ಭಯ

ಹಣೆಯ ಬಿಳಿ ಕಲೆಯನ್ನು ಮನೆಯವರು ತೊನ್ನು ಎಂದೇ ತಿಳಿದು ಮುಚ್ಚಿಡುವುದುಂಟು. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿದ್ದರೆ ಈ ಅಂಜಿಕೆ ಇನ್ನೂ ಹೆಚ್ಚು. ಕಲೆ ಕಾಣದಿರಲೆಂದು ಅದರ ಮೇಲೆಯೇ ಇನ್ನೂ ದೊಡ್ಡ ಬಿಂದಿ ಅಂಟಿಸುವುದು ಕಾಯಿಲೆಗೆ ಇನ್ನಷ್ಟು ಎಡೆಮಾಡಿಕೊಟ್ಟಂತೆ. ತೊನ್ನು ಸಾಂಕ್ರಾಮಿಕವಲ್ಲ, ಅಂಟಿನಿಂದಾದ ಕಲೆಯೂ ಸಾಂಕ್ರಾಮಿಕವಲ್ಲ. ಬಿಂದಿಯನ್ನು ಬೇಗ ಬಿಟ್ಟಲ್ಲಿ ಹಲವರಿಗೆ ಬಣ್ಣ ಮರಳುತ್ತದೆ. ತಡಮಾಡಿದರೆ ಚಿಕಿತ್ಸೆ ದೀರ್ಘವಾಗಬಹುದು. ಕೆಲವರಲ್ಲಿ ಅಂಟು ತಾಗದ ಭಾಗಗಳಿಗೂ ಕಲೆ ಹರಡುತ್ತದೆ.

ಮುನ್ನೆಚ್ಚರಿಕೆ

* ತುರಿಕೆ, ಕೆಂಪು ಅಥವಾ ಬಣ್ಣದ ವ್ಯತ್ಯಾಸ ಕಂಡ ದಿನವೇ ಬಿಂದಿ ಬಳಕೆ ನಿಲ್ಲಿಸಬೇಕು.
* ರಾತ್ರಿ ಮಲಗುವ ಮುನ್ನ ಬಿಂದಿ ತೆಗೆದು ಹಣೆ ತೊಳೆಯಬೇಕು.
* ಹಾಳೆಯನ್ನು ಎಸೆಯದೆ ಚರ್ಮವೈದ್ಯರ ಬಳಿಗೆ ಒಯ್ಯಬೇಕು. ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನಡೆಸುವ ಪ್ಯಾಚ್ ಪರೀಕ್ಷೆಯಿಂದ ಒಗ್ಗದ ವಸ್ತು ಯಾವುದೆಂದು ತಿಳಿಯಲು ನೆರವಾಗುತ್ತದೆ.
* ವೈದ್ಯರ ಸಲಹೆಯಿಲ್ಲದೆ ಔಷಧ ಅಂಗಡಿಯ ಸ್ಟಿರಾಯ್ಡ್ ಮುಲಾಮು ಹಚ್ಚಬಾರದು.

ಬೊಟ್ಟು ಇಡುವ ಪದ್ಧತಿಯನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ಕಲೆ ಮಾಯುವವರೆಗೆ ಹಣೆಗೆ ಬಿಡುವು ಕೊಟ್ಟು, ಅನಂತರ ವೈದ್ಯರ ಸಲಹೆಯಂತೆ ಅಂಟಿಲ್ಲದ, ಚರ್ಮಕ್ಕೆ ಒಗ್ಗುವ ಬೊಟ್ಟನ್ನು ಆರಿಸಿಕೊಳ್ಳಬಹುದು.