ರೋಹಿಣಿ ಮಳೆ, ಅಂಗಮಾರಿ ಮತ್ತು ನಮ್ಮ ಆಲೂಗೆಡ್ಡೆ

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬರುತ್ತಾರೆ. ಎದುರಿನ ಚಿಕ್ಕಬೆಟ್ಟ ಹತ್ತುವವರು ಕಡಿಮೆ. ಅದೇ ಚಂದ್ರಗಿರಿ, ಹಳೆಯ ಹೆಸರು ಕಟವಪ್ರ. ಅಲ್ಲಿ ಬಂಡೆಯ ಮೇಲೆ ಸುಮಾರು 1,400 ವರ್ಷ ಹಿಂದಿನ ಒಂದು ಸಂಸ್ಕೃತ ಶಾಸನವಿದೆ. ಉಜ್ಜಯಿನಿಯಲ್ಲಿದ್ದ ಭದ್ರಬಾಹು ಎಂಬ ಮುನಿ ಹನ್ನೆರಡು ವರ್ಷದ ಕ್ಷಾಮ ಬರಲಿದೆ ಎಂದು ಮೊದಲೇ ತಿಳಿಸಿದರು, ಅದನ್ನು ಕೇಳಿ ಜೈನ ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟು ಬಂತು ಎಂದು ಅದರಲ್ಲಿ ಬರೆದಿದೆ. ಅಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ತೀರಾ ಹಳೆಯ ಬರಹಗಳಲ್ಲೊಂದು ಬರಕ್ಕೆ ಹೆದರಿ ಊರು ಬಿಟ್ಟವರ ಕಥೆ.

ಅವರು ಬರ ತಪ್ಪಿಸಿಕೊಂಡು ಇಲ್ಲಿಗೆ ಬಂದರು. ಈಗ ನಮ್ಮೂರ ಹುಡುಗರು ಇಲ್ಲಿಂದ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಅವರ ಮನೆಯ ಹೊಲದಲ್ಲಿ ಏನಾಯಿತು ಅನ್ನುವುದನ್ನೇ ಇಲ್ಲಿ ಹೇಳಲು ಹೊರಟಿದ್ದೇವೆ.

ಬರ ನಮಗೆ ಹೊಸದಲ್ಲ. 1876ರಿಂದ 1878ರವರೆಗೆ ಬಂದ ಧಾತು, ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆಯನ್ನೇ ಬರಿದು ಮಾಡಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸಿಕ್ಕವರು 41,86,188. ಹೆಚ್ಚಬೇಕಾದ ಲೆಕ್ಕ ಎಂಟೂವರೆ ಲಕ್ಷಕ್ಕೂ ಮೇಲೆ ಇಳಿದಿತ್ತು. ಹಳೆಯ ಮನೆಗಳಲ್ಲಿ ಧಾನ್ಯ ತುಂಬಿಡುವ ಹಗೇವು ಯಾಕಿರುತ್ತಿತ್ತು ಎಂದು ಕೇಳುವ ಮಕ್ಕಳಿಗೆ ಈ ಎರಡು ಸಂಖ್ಯೆ ತೋರಿಸಿದರೆ ಸಾಕು.

ಬರಕ್ಕೆ ನಮ್ಮವರ ಉತ್ತರ ಒಂದೇ ಆಗಿತ್ತು: ನೀರು ನಿಲ್ಲಿಸುವುದು. ಊರಿಗೊಂದು ಕೆರೆ. ಅರಕಲಗೂಡಿನ ಕಟ್ಟೇಪುರದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ. ಕೊನೆಗೆ 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು. ಗರಿಷ್ಠ ಮಟ್ಟ 2,922 ಅಡಿ, ಹಿಡಿಯುವ ನೀರು 37 ಟಿಎಂಸಿ ಚಿಲ್ಲರೆ. ಅದಕ್ಕಾಗಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆ ಚರ್ಚು ಈಗಲೂ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಅದರ ಮುಂದೆ ಸೆಲ್ಫಿ ತೆಗೆಯುವವರಿಗೆ ಅಲ್ಲಿಂದ ಎದ್ದು ಹೋದವರ ನೆನಪು ಬರುವುದಿಲ್ಲ, ಇರಲಿ.

ನಾಲೆ ಬಂದ ಕಡೆ ಭತ್ತ ಬಂತು. ನಾಲೆ ಮುಟ್ಟದ ಕೆಂಪು ಮಣ್ಣಿನ ಹೊಲಗಳಿಗೆ ಕೈಹಿಡಿದದ್ದು ಆಲೂಗೆಡ್ಡೆ. ಉತ್ತರ ಭಾರತದಲ್ಲಿ ಆಲೂಗೆಡ್ಡೆ ಚಳಿಗಾಲದ ಬೆಳೆ. ಮುಂಗಾರು ಮಳೆಯನ್ನೇ ನಂಬಿ ಅದನ್ನು ಬೆಳೆಯುವ ಸೀಮೆಗಳು ದೇಶದಲ್ಲಿ ಬೆರಳೆಣಿಕೆಯಷ್ಟು, ಅದರಲ್ಲಿ ಹಾಸನವೂ ಒಂದು. ಸುಮಾರು 3,000 ಅಡಿ ಎತ್ತರ, ತಂಪು ಹವೆ, ನೀರು ಬಸಿದು ಹೋಗುವ ಮಣ್ಣು. ಮೂರು ತಿಂಗಳಲ್ಲಿ ಕೈಗೆ ದುಡ್ಡು. ಆಲೂಗೆಡ್ಡೆ ಕಿತ್ತ ಹೊಲಕ್ಕೆ ಮತ್ತೊಂದು ಬೆಳೆ ಇಡಲೂ ಸಮಯ ಇರುತ್ತಿತ್ತು. ಮೇ ತಿಂಗಳು ಬಂತೆಂದರೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಹೊತ್ತ ಲಾರಿಗಳು ಹಾಸನದ ಎಪಿಎಂಸಿ ಮುಂದೆ ಸಾಲುಗಟ್ಟುತ್ತಿದ್ದವು. ಹೊಳೆನರಸೀಪುರ, ಅರಕಲಗೂಡು ಕಡೆಯ ರೈತರು ರಾತ್ರಿಯೇ ಹೋಗಿ ಮೂಟೆ ಬಿಚ್ಚಿಸಿ, ಗೆಡ್ಡೆಯನ್ನು ಚಾಕುವಿನಿಂದ ಕೊಯ್ದು ನೋಡಿ ರೇಟು ಮಾತಾಡುತ್ತಿದ್ದರು. ಹತ್ತಾರು ಸಾವಿರ ಹೆಕ್ಟೇರಿನಲ್ಲಿ ಬೆಳೆ ನಿಲ್ಲುತ್ತಿತ್ತು. ನಮ್ಮಲ್ಲಿ ಹಲವರ ಕಾಲೇಜು ಫೀಸು ಕಟ್ಟಿದ್ದು ಅದೇ ಗೆಡ್ಡೆ.

ಇಡೀ ಲೆಕ್ಕ ನಿಂತಿದ್ದುದು ಮಳೆ ನಕ್ಷತ್ರಗಳ ಮೇಲೆ. ಕೃತ್ತಿಕೆಗೆ ಉತ್ತು ಹದ ಮಾಡಿ, ರೋಹಿಣಿಗೆ ನೆಟ್ಟು, ಮೃಗಶಿರ, ಆರಿದ್ರದ ಹೊತ್ತಿಗೆ ಕಳೆ ತೆಗೆದು ಮಣ್ಣು ಏರಿಸುವುದು. ಮಳೆ ಬೇಕು, ಆದರೆ ನಡುನಡುವೆ ಬಿಸಿಲೂ ಬೇಕು. ಎರಡು ಮೂರು ದಿನ ಮೋಡ ಮುಚ್ಚಿ, ಸೋನೆ ಹಿಡಿದು, ಎಲೆ ಒಣಗದೆ ಉಳಿದರೆ ಅಂಗಮಾರಿ ಹತ್ತುತ್ತದೆ. ಮೊದಲು ಎಲೆಯ ಅಂಚಿನಲ್ಲಿ ಕಪ್ಪು ಮಚ್ಚೆ, ಎಲೆ ತಿರುಗಿಸಿದರೆ ಬಿಳಿ ಬೂಷ್ಟು. ವಾರ ಹತ್ತು ದಿನದಲ್ಲಿ ಹೊಲಕ್ಕೆ ಬಿಸಿನೀರು ಎರಚಿದ ಹಾಗೆ. 1845ರಲ್ಲಿ ಐರ್ಲೆಂಡಿನ ಹೊಲಗಳನ್ನು ಸುಟ್ಟದ್ದು ಇದೇ ರೋಗ. ಅಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಸುಮಾರು ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು.

ನಮ್ಮಲ್ಲಿ ಬಹುಕಾಲ ನಡೆದ ತಳಿ ಕುಫ್ರಿ ಜ್ಯೋತಿ, ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ್ದು. ಮೊದಮೊದಲು ಅದು ಅಂಗಮಾರಿ ತಡೆಯುತ್ತಿತ್ತು. ರೋಗ ತನ್ನ ರೂಪ ಬದಲಿಸಿಕೊಂಡಿತು, ತಳಿ ಅಲ್ಲೇ ಉಳಿಯಿತು. ಆದ್ದರಿಂದ ಎಲ್ಲ ತಪ್ಪನ್ನೂ ಹವಾಮಾನದ ತಲೆಗೆ ಕಟ್ಟಲು ನಮಗೆ ಮನಸ್ಸಿಲ್ಲ. ಕಳಪೆ ಬಿತ್ತನೆ, ವರ್ಷವರ್ಷವೂ ಅದೇ ಹೊಲಕ್ಕೆ ಅದೇ ಗೆಡ್ಡೆ, ಬಿದ್ದ ರೇಟು, ಎಲ್ಲವೂ ಸೇರಿವೆ. ಆದರೆ ಮಳೆ ಹಿಂದಿನ ಹಾಗೆ ಹಂಚಿ ಬೀಳುತ್ತಿದ್ದರೆ ರೈತ ಇನ್ನಷ್ಟು ವರ್ಷ ತಡೆದುಕೊಳ್ಳುತ್ತಿದ್ದ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಮೋಡ ಹಾದು ಹೋಗುತ್ತದೆ, ಸುರಿದರೆ ಒಂದೇ ಸಲ ಸುರಿಯುತ್ತದೆ.

ನೀವೇ ನೆನಪಿಸಿಕೊಳ್ಳಿ. 2018 ಮತ್ತು 2019ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು, ರಾಮನಾಥಪುರದಲ್ಲಿ ಕಾವೇರಿ ದಂಡೆ ದಾಟಿ ಊರೊಳಗೆ ಬಂದಳು. 2023ರ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮರುವರ್ಷ ಜುಲೈನಲ್ಲಿ ಸಕಲೇಶಪುರದ ಹತ್ತಿರ ಹೆದ್ದಾರಿ ಮೇಲೆ ಮಣ್ಣು ಕುಸಿದು ಶಿರಾಡಿ ಘಾಟಿ ಬಂದ್. ಧಾತು ಬರದಲ್ಲಿ ಮಳೆ ಬರಲೇ ಇಲ್ಲ, ಜನರಿಗೆ ಅದು ಬರ ಎಂದಾದರೂ ಗೊತ್ತಿತ್ತು. ಈಗ ಒಂದೇ ಹಂಗಾಮಿನಲ್ಲಿ ನೆಟ್ಟ ಗೆಡ್ಡೆ ಮೊಳಕೆಗೆ ನೀರಿಲ್ಲದೆ ಒಣಗುತ್ತದೆ, ಉಳಿದದ್ದು ಕೀಳುವ ಮೊದಲು ನೀರು ನಿಂತು ಕೊಳೆಯುತ್ತದೆ. ಎರಡಕ್ಕೂ ಸಾಲ ಒಂದೇ.

ಚನ್ನರಾಯಪಟ್ಟಣದ ಕಡೆ ಕಥೆ ಬೇರೆ, ಸಂಕಟ ಅದೇ. ಗೆಡ್ಡೆ ಕೈಕೊಟ್ಟರೆ ಮುಂದಿನ ವರ್ಷ ಬೇರೆ ಬೆಳೆ ಇಡಬಹುದು. ತೆಂಗು ಹಾಗಲ್ಲ. ಅಜ್ಜ ನೆಟ್ಟ ಮರ ಸುಳಿ ಬಾಗಿ ಬಿದ್ದರೆ ಮೊಮ್ಮಗ ಮತ್ತೆ ನೆಟ್ಟು ಕಾಯಿ ನೋಡಲು ಆರೇಳು ವರ್ಷ. ಸಾಲುಸಾಲು ಬರದಲ್ಲಿ ಬೋರ್‌ವೆಲ್ ಬತ್ತಿ ತೋಟಗಳು ಒಣಗಿದ್ದನ್ನು ನಾವೇ ಫೋಟೊ ತೆಗೆದು ವರದಿ ಕಳಿಸಿದ್ದೇವೆ. ಬದುಕಿದ ಮರಗಳಿಗೆ ಕಪ್ಪುತಲೆ ಹುಳು, ಬಿಳಿನೊಣ, ರಸ ಸೋರುವ ರೋಗ. ಅಂಥ ತೋಟ ನಂಬಿ ಮಗನಿಗೆ ಊರಲ್ಲೇ ಇರು ಎಂದು ಯಾವ ತಂದೆ ಹೇಳಿಯಾನು?

ಆಲೂಗೆಡ್ಡೆ ಬಿಟ್ಟವರು ಮುಸುಕಿನ ಜೋಳಕ್ಕೆ ಹೋದರು. ಖರ್ಚು ಕಡಿಮೆ, ಕಾಯುವ ಕೆಲಸ ಕಡಿಮೆ, ಕೂಲಿಯಾಳೂ ಕಡಿಮೆ. ಗೆಡ್ಡೆ ಕೀಳಲು, ಆರಿಸಲು ಬರುತ್ತಿದ್ದ ಹೆಂಗಸರಿಗೆ ಆ ಒಂದು ತಿಂಗಳ ಕೂಲಿ ಹೋಯಿತು, ಅದನ್ನು ಯಾರೂ ಲೆಕ್ಕ ಇಡಲಿಲ್ಲ. 2018ರಲ್ಲಿ ಜೋಳಕ್ಕೂ ಸೈನಿಕ ಹುಳು ಬಂತು, ಭಾರತದಲ್ಲಿ ಅದು ಮೊದಲು ಕಂಡದ್ದು ಕರ್ನಾಟಕದಲ್ಲೇ. ಈಚೆಗೆ ಬಿಳಿಸುಳಿ ರೋಗವೂ ಸೇರಿಕೊಂಡಿದೆ.

ಹಾಸನದ ಹತ್ತಿರ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಆಲೂಗೆಡ್ಡೆಯ ಕುಡಿ ಕತ್ತರಿಸಿ ಬೇರು ಬರಿಸಿ ಸಸಿ ಮಾಡುವ ಕ್ರಮ ಕಲಿಸುತ್ತಿದ್ದಾರೆ. ಆ ಸಸಿ ನೆಟ್ಟರೆ ರೋಗವಿಲ್ಲದ ಬಿತ್ತನೆ ನಮ್ಮ ಹೊಲದಲ್ಲೇ ಸಿಗುತ್ತದೆ, ಜಲಂಧರ್ ಲಾರಿ ಕಾಯಬೇಕಿಲ್ಲ. ಕೆಲವರು ಹಚ್ಚಿಕೊಂಡಿದ್ದಾರೆ. ಸಸಿ ಚೆನ್ನಾಗಿದ್ದರೂ ಸೋನೆ ಹಿಡಿದ ವಾರ ಅವರೂ ಔಷಧಿ ಡಬ್ಬಿ ಬೆನ್ನಿಗೇರಿಸಿ ಆಕಾಶ ನೋಡುವುದು ತಪ್ಪಿಲ್ಲ.

ಈ ಸಲ ಹೊಳೆನರಸೀಪುರದ ಹತ್ತಿರ ನಮ್ಮೊಬ್ಬರ ಮನೆಯ ಎರಡೂ ಎಕರೆಗೆ ಮುಸುಕಿನ ಜೋಳವೇ ಬಿತ್ತು. ಬದುವಿನ ಪಕ್ಕ ಅಪ್ಪ ಎರಡು ಸಾಲು ಆಲೂಗೆಡ್ಡೆ ಇಟ್ಟಿದ್ದಾರೆ. ಮಾರುವುದಕ್ಕಲ್ಲ, ಸಾರಿಗೆ.