ಕೀಲಿ ಮೊದಲು, ಬೀಗ ಆಮೇಲೆ

ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಊದಿಕೊಂಡು, ಬಿಸಿಯೇರಿ ನೋಯುವುದನ್ನು ನೀವು ಬಲ್ಲಿರಿ. ಇದೇ ಉರಿಯೂತ. ರೋಗಾಣುಗಳ ಸುಳಿವು ಸಿಕ್ಕೊಡನೆ ಕೆಲವು ಬಿಳಿಯ ರಕ್ತಕಣಗಳು ಇಂಟರ್‌ಲ್ಯೂಕಿನ್-1, ಟಿಎನ್ಎಫ್ ಎಂಬ ಪ್ರೋಟೀನುಗಳನ್ನು ಸ್ರವಿಸಿ ಉರಿಯೂತವನ್ನು ಹೆಚ್ಚಿಸುತ್ತವೆ. ಸೋಂಕನ್ನು ಎದುರಿಸಲು ಇದು ಬೇಕು. ಆದರೆ ರುಮಟಾಯ್ಡ್ ಸಂಧಿವಾತದಲ್ಲಿ ಇದು ನಿಲ್ಲದೆ ಮುಂದುವರಿದು ಕೀಲುಗಳನ್ನೇ ಕೆಡಿಸುತ್ತದೆ.

ಈ ಸ್ರವಿಕೆಯನ್ನು ತಗ್ಗಿಸುವ ಕೆಲವು ಸಂಯುಕ್ತಗಳು 1980ರ ದಶಕದಲ್ಲಿ ಸ್ಮಿತ್‌ಕ್ಲೈನ್ ಔಷಧ ಕಂಪನಿಯ ಸಂಶೋಧಕರಿಗೆ ದೊರೆತವು. ಪಿರಿಡಿನಿಲ್ ಇಮಿಡಜೋಲ್ ಎಂಬುದು ಇವುಗಳ ರಾಸಾಯನಿಕ ಕುಲನಾಮ. ಸಾಮಾನ್ಯವಾಗಿ ಕಿಣ್ವ ಮೊದಲು ತಿಳಿದಿರುತ್ತದೆ, ಅದರ ಪ್ರತಿಬಂಧಕವನ್ನು ಆಮೇಲೆ ಹುಡುಕುತ್ತಾರೆ. ಇಲ್ಲಿ ಕೀಲಿ ಕೈಯಲ್ಲಿತ್ತು. ಬೀಗ ಯಾವುದೆಂದು ಗೊತ್ತಿರಲಿಲ್ಲ!

ಆಗ ಅವರು ಕೀಲಿಯನ್ನೇ ಗಾಳವಾಗಿಸಿದರು. ಅದೇ ಬಗೆಯ ಅಣುವಿಗೆ ವಿಕಿರಣಶೀಲ ಗುರುತು ಹಾಕಿ, ಬೆಳಕು ಬಿದ್ದಾಗ ತಾನು ಹಿಡಿದ ಪ್ರೋಟೀನಿಗೆ ಭದ್ರವಾಗಿ ಅಂಟಿಕೊಳ್ಳುವಂತೆ ಮಾಡಿದರು. ಗಾಳಕ್ಕೆ ಸಿಕ್ಕಿದ ಪ್ರೋಟೀನಿನ ವಿವರವನ್ನು ಜಾನ್ ಲೀ ಮತ್ತು ಸಂಗಡಿಗರು 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಜಿಯಾಹುವಾಯ್ ಹಾನ್ ಮತ್ತು ರಿಚರ್ಡ್ ಯುಲೆವಿಚ್ ಅವರ ತಂಡ, ಬ್ಯಾಕ್ಟೀರಿಯಾದ ವಿಷಕ್ಕೆ ಜೀವಕೋಶ ಸ್ಪಂದಿಸುವಾಗ ಚುರುಕಾಗುವ ಪಿ38 ಎಂಬ ಕಿಣ್ವವನ್ನು ವರದಿಮಾಡಿತು. ಎರಡೂ ಒಂದೇ ಪ್ರೋಟೀನು!

ಪಿ38 ಒಂದು ಕೈನೇಸ್. ಎಟಿಪಿಯಿಂದ ಫಾಸ್ಫೇಟನ್ನು ತೆಗೆದು ಬೇರೆ ಪ್ರೋಟೀನಿಗೆ ಜೋಡಿಸುವುದು ಅದರ ಕೆಲಸ. ಎಟಿಪಿ ಕೂರಬೇಕಾದ ಜಾಗದಲ್ಲಿ ಪ್ರತಿಬಂಧಕವು ಕುಳಿತರೆ ಕೆಲಸ ನಿಲ್ಲುತ್ತದೆ. ಈ ಸಂಯುಕ್ತಗಳ ಪೈಕಿ ಎಸ್‌ಬಿ 203580 ಎಂಬುದು ಬಲುಬೇಗ ಪ್ರಯೋಗಾಲಯಗಳಲ್ಲಿ ಮನೆಮಾತಾಯಿತು. 'ಇದನ್ನು ಹಾಕಿದಾಗ ಕ್ರಿಯೆ ನಿಂತಿತು, ಆದ್ದರಿಂದ ಅದು ಪಿ38ರ ಕೆಲಸ' ಎಂಬ ತರ್ಕ ಅನೇಕ ಪ್ರಬಂಧಗಳಲ್ಲಿ ಕಾಣಿಸಿಕೊಂಡಿತು.

ಈ ತರ್ಕದಲ್ಲಿರುವ ಬಿರುಕನ್ನು ನೀವು ಗುರುತಿಸಿದಿರಾ? ಕೈನೇಸ್‌ಗಳು ಮಾನವ ದೇಹದಲ್ಲಿ 500ಕ್ಕೂ ಹೆಚ್ಚಿವೆ. ಎಟಿಪಿ ಕೂರುವ ಜಾಗ ಅವುಗಳಲ್ಲೆಲ್ಲ ಬಹುಮಟ್ಟಿಗೆ ಒಂದೇ ತೆರನಾಗಿದೆ. ಒಂದೇ ಕೀಲಿ ಹಲವು ಬೀಗಗಳಿಗೆ ಹೊಂದಿದರೆ? ಹಾಗೆಯೇ ಆಯಿತು. ಎಸ್‌ಬಿ 203580 ಕೇಸೀನ್ ಕೈನೇಸ್-1 ಅನ್ನೂ ತಡೆಯುತ್ತದೆ. 2003ರಲ್ಲಿ ಜರ್ಮನಿಯ ಸಂಶೋಧಕರು ಇದೇ ಬಗೆಯ ಅಣುವನ್ನು ಗಾಳವಾಗಿ ಬಳಸಿದಾಗ ರಿಕ್ ಎಂಬ ಇನ್ನೊಂದು ಕೈನೇಸ್ ಸಿಕ್ಕಿತು. ಅದೂ ಉರಿಯೂತಕ್ಕೆ ಸಂಬಂಧಿಸಿದ್ದೇ!

ಪರಿಹಾರದ ದಾರಿಯನ್ನು ಸ್ಕಾಟ್‌ಲೆಂಡಿನ ಡಂಡಿಯಲ್ಲಿ ಫಿಲಿಪ್ ಕೋಹೆನ್ ಅವರ ತಂಡ 1990ರ ದಶಕದ ಕೊನೆಯಲ್ಲೇ ತೋರಿಸಿತ್ತು. ಪಿ38ರ 106ನೆಯ ಅಮೈನೊ ಆಮ್ಲವಾದ ಥ್ರಿಯೊನೀನನ್ನು ಬದಲಿಸಿ ಅಲ್ಲಿ ಮೆಥಿಯೊನೀನನ್ನು ಇಟ್ಟರೆ ಎಸ್‌ಬಿ 203580 ಅಲ್ಲಿ ಕೂರಲಾರದು. ಕಿಣ್ವ ಮಾತ್ರ ಕೆಲಸ ಮಾಡುತ್ತದೆ. ಇಂಥ ಪಿ38 ಇರುವ ಕೋಶಕ್ಕೆ ಪ್ರತಿಬಂಧಕವನ್ನು ಹಾಕಿ ನೋಡಿ. ನಿಂತಿದ್ದ ಕ್ರಿಯೆ ಮರಳಿದರೆ ಅದು ಪಿ38ರದ್ದೇ. ಮರಳದಿದ್ದರೆ ಬೇರೆ ಬೀಗವನ್ನು ಹುಡುಕಬೇಕು.

ಪಿ38 ತಡೆದರೆ ರೋಗ ತಗ್ಗೀತೆಂಬ ಆಸೆಗೂ ಪೆಟ್ಟು ಬಿದ್ದಿತು. ಇದೇ ಕಿಣ್ವವನ್ನು ತಡೆಯುವ ಲೋಸ್ಮಾಪಿಮಾಡ್ ಎಂಬ ಔಷಧವನ್ನು ಹೃದಯಾಘಾತವಾದ ಸುಮಾರು 3,500 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದರಿಂದ ಮುಂದಿನ ಹೃದಯಾಘಾತಗಳ ಅಪಾಯ ಕಡಿಮೆಯಾಗಲಿಲ್ಲ.

ಯಾವುದೇ ಪ್ರತಿಬಂಧಕದ ಬಗ್ಗೆ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿರಿ, ತರಗತಿಯಲ್ಲೂ ಕೇಳಿಸಿರಿ. ಎಷ್ಟು ಪ್ರಮಾಣ ಬಳಸಿದರು? ಬೇರೆ ರಚನೆಯ ಪ್ರತಿಬಂಧಕವೂ ಅದೇ ಫಲ ಕೊಟ್ಟಿತೇ? ಗುರಿಯನ್ನೇ ಬದಲಿಸಿದಾಗ ಏನಾಯಿತು?